ಕೊಪ್ಪೊಲಾ ಎಂದರೆ ಕೊಪ್ಪಳವಲ್ಲ

ನಮ್ಮ ಓಣಿಗೆ ನಳ ಬರುವುದು ದೆವ್ವಗಳು ತಿರುಗಾಡುವ ಹೊತ್ತಿಗೆ. ಮೊನ್ನೆ ರಾತ್ರಿ ಕೊಡಗಳನ್ನು ತೊಳೆದು ಸಾಲಾಗಿ ಇಟ್ಟು, ಪಡಸಾಲೆಗೆ ಬಂದು, "ಡ್ರಮ್ಮಿನ ಮುಚ್ಚಳ ಎಲ್ಲಿಟ್ಟೆ?" ಎಂದು ತಂಗಿಯ ಮಗಳನ್ನು ಕೇಳಿದೆ.

"ಶ್ಶ್, ಮಾಮಾ" ಎಂದಳು. ತಿರುಗಿ ಕೂಡ ನೋಡಲಿಲ್ಲ. ಮನೆ ನನ್ನದು, ಟಿವಿ ನನ್ನದು, ಕರೆಂಟಿನ ಬಿಲ್ಲು ಕಟ್ಟುವವನೂ ನಾನೇ. ಆದರೂ ಮುಚ್ಚಳದ ಬಗ್ಗೆ ಕೇಳಲು ನನಗೆ ಅಪ್ಪಣೆಯಿಲ್ಲ.

ಗವಿಮಠದ ಜಾತ್ರೆಗೆಂದು ಧಾರವಾಡದಿಂದ ಬಂದವಳು ಅವಳು. ತೇರು ನೋಡಿದಳು, ಮಹಾದಾಸೋಹದಲ್ಲಿ ರೊಟ್ಟಿ ಉಂಡಳು, ಬಳೆ ಕೊಂಡಳು. ಉಳಿದ ಹೊತ್ತೆಲ್ಲ ರಕ್ತ ಕುಡಿಯುವವನೊಬ್ಬನ ಎದುರು ಕುಳಿತು ಮೂಗು ಒರೆಸಿಕೊಳ್ಳುತ್ತಾಳೆ. "ಇದು ಕೊಪ್ಪೊಲಾ ಸಿನಿಮಾ, ಮಾಮಾ" ಎಂದು ಮೊದಲ ದಿನ ಹೇಳಿದಾಗ ನಾನು ಕೊಪ್ಪಳದ್ದೇ ಎಂದು ತಿಳಿದು ಕನ್ನಡಕ ಹಾಕಿಕೊಂಡು ಮುಂದೆ ಕುಳಿತೆ. ಕೋಟೆಯೂ ಕಂಡಿತು. ನಮ್ಮ ಕೋಟೆಗೆ ಇಷ್ಟೊಂದು ಮಂಜು ಯಾವ ಕಾಲದಲ್ಲಿ ಬಿದ್ದಿತ್ತು ಎಂದು ಯೋಚಿಸುವಷ್ಟರಲ್ಲಿ ಗೊತ್ತಾಯಿತು: ಕೊಪ್ಪೊಲಾ ಊರಲ್ಲ, ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಎಂಬ ಮನುಷ್ಯ. 1992ರಲ್ಲಿ ಅವನು ತೆಗೆದ ಡ್ರಾಕುಲಾ ಇದು. ಅವಳು ಹುಟ್ಟುವ ಎಷ್ಟೋ ವರ್ಷ ಮೊದಲಿನ ಚಿತ್ರ. ಅವಳಿಗೂ ಅವಳ ಗೆಳತಿಯರಿಗೂ ಅದರ ಮಾತುಗಳೆಲ್ಲ ಬಾಯಿಪಾಠ. ಪ್ರಶಸ್ತಿಗಳ ಲೆಕ್ಕವೂ ಗೊತ್ತು. ಆಸ್ಕರ್ ಮೂರು ಬಂದವಂತೆ. ಅದರಲ್ಲಿ ಒಂದು ಉಡುಪಿಗೆ. ವಿನ್ಯಾಸ ಜಪಾನಿನ ಐಕೊ ಇಶಿಯೋಕಾ ಎಂಬ ಹೆಣ್ಣುಮಗಳದು. ಮುದುಕ ಡ್ರಾಕುಲಾನ ಕೆಂಪು ನಿಲುವಂಗಿಯ ಸೆರಗು ನೆಲದ ಮೇಲೆ ಮಾರುದ್ದ ಹರಿದು ಬರುವುದನ್ನು ನಾಲ್ಕು ಸಲ ಹಿಂದಕ್ಕೆ ತಿರುಗಿಸಿ ತೋರಿಸಿದಳು. ಒಗೆಯುವವರು ಯಾರು ಎಂದು ನಾನು ಕೇಳಬಾರದಿತ್ತು.

ನ್ಯಾಯವಾಗಿ ಹೇಳಬೇಕೆಂದರೆ, ನನಗೂ ಒಂದು ಜಾಗ ಹಿಡಿಸಿತು. ಆರಂಭದ ಯುದ್ಧ. ಕೆಂಪು ಆಕಾಶದ ಎದುರು ಬರೀ ಕಪ್ಪು ಆಕೃತಿಗಳು, ನೆಟ್ಟ ಶೂಲಗಳು. ಥೇಟ್ ತೊಗಲುಗೊಂಬೆ. ಕಂಪ್ಯೂಟರನ್ನು ದೂರವಿಟ್ಟು ಹಳೆಯ ಕಾಲದ ಕೈಚಳಕಗಳಿಂದಲೇ ಮಾಡಿದ್ದಂತೆ. ಮುಂದೆ ಅರಮನೆಯಲ್ಲಿ ಯಜಮಾನ ಒಂದು ಕಡೆ ನಿಂತಿದ್ದರೆ ಅವನ ನೆರಳು ತನ್ನ ಪಾಡಿಗೆ ಇನ್ನೊಂದು ಕಡೆ ಕೈಚಾಚುತ್ತದೆ. "ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಇದೇ ವಿದ್ಯೆಗೆ, ಒಂದು ಪರದೆ, ಒಂದು ದೀಪ" ಎಂದೆ. "ಹೌದಾ ಮಾಮಾ" ಎಂದಳು. ಆ "ಹೌದಾ" ಎಷ್ಟು ಚಿಕ್ಕದಿತ್ತೆಂದರೆ ಭೀಮವ್ವನವರ ಪರವಾಗಿ ನನಗೇ ಅವಮಾನವಾಯಿತು.

ನನ್ನ ನಿಜವಾದ ಸಿಟ್ಟು ಬೇರೆಯೇ ಇದೆ. ನಾನು ಮೂವತ್ತು ವರ್ಷ ಪತ್ರ ಬರಹಗಾರನಾಗಿದ್ದವನು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆದು ಬೆರಳು ಸೊಟ್ಟಗಾಗಿದೆ. ಈ ಕತೆಯಲ್ಲಿ ನನ್ನ ವೃತ್ತಿಬಂಧು ಒಬ್ಬನಿದ್ದಾನೆ: ಜೊನಾಥನ್ ಹಾರ್ಕರ್. ಲಂಡನ್ನಿನ ಆಸ್ತಿಯೊಂದರ ಖರೀದಿ ಕಾಗದಗಳನ್ನು ಹಿಡಿದು, ರೈಲು ಹತ್ತಿ, ಕುದುರೆಗಾಡಿ ಹತ್ತಿ, ತೋಳ ಕೂಗುವ ಬೆಟ್ಟಕ್ಕೆ ಹೋಗುತ್ತಾನೆ ಪಾಪ. ಕಕ್ಷಿದಾರ ಡ್ರಾಕುಲಾ ಅವನನ್ನು ಮನೆಯಲ್ಲೇ ಕೂಡಿಹಾಕಿ, ಅವನು ಮದುವೆಯಾಗಬೇಕಿದ್ದ ಹುಡುಗಿಯ ಫೋಟೊ ನೋಡಿ, ಸತ್ತ ತನ್ನ ಹೆಂಡತಿಯೇ ಮರಳಿ ಹುಟ್ಟಿದ್ದಾಳೆಂದು ಅವಳ ಊರಿಗೇ ಹೊರಟುಬಿಡುತ್ತಾನೆ. ಇವಳೂ ಇವಳ ಗೆಳತಿಯರೂ ಅಳುವುದು ಯಾರಿಗಾಗಿ? ಕಕ್ಷಿದಾರನಿಗಾಗಿ!

"ಅವನು ನಾಲ್ಕು ನೂರು ವರ್ಷ ಕಾದ, ಮಾಮಾ."

ಲೆಕ್ಕ ಹಾಕಿದೆ. ಹೆಂಡತಿ ಸತ್ತದ್ದು 1462ರಲ್ಲಿ, ಲಂಡನ್ನಿಗೆ ಬಂದದ್ದು 1897ರಲ್ಲಿ. 435 ವರ್ಷ. ಸ್ಥಿರಾಸ್ತಿಯ ಸ್ವಾಧೀನ ಕೇಳಿ ದಾವೆ ಹೂಡಲು ನಮ್ಮ ಕಾಯ್ದೆ ಕೊಡುವ ಗಡುವು 12 ವರ್ಷ. ಹೆಂಡತಿ ಸ್ಥಿರಾಸ್ತಿಯಲ್ಲ, ಒಪ್ಪಿದೆ. ಆದರೂ ಒಂದು ಮಿತಿ ಬೇಡವೇ? ಹೋಗಲಿ, 1897ರಲ್ಲೇ ಅಚ್ಚಾದ ಮೂಲ ಕಾದಂಬರಿಯಲ್ಲಿ ಈ ಪ್ರೇಮಪ್ರಕರಣವೇ ಇಲ್ಲ. ಅಲ್ಲಿ ಅವನು ಬಾಯಿ ನಾರುವ, ಅಂಗೈಯಲ್ಲಿ ಕೂದಲು ಬೆಳೆದ ಮುದುಕ. ಹಳೆಯ ಹೆಂಡತಿ, ಮರುಜನ್ಮ, ಅಂಗೈಯಲ್ಲಿ ವಜ್ರವಾಗುವ ಕಣ್ಣೀರು, ಇವೆಲ್ಲ ಸಿನಿಮಾದವರ ಧಾರಾಳತನ. ಇದನ್ನು ಹೇಳಿದರೆ, "ಅದಕ್ಕೇ ಸಿನಿಮಾ ಚೆನ್ನಾಗಿರುವುದು" ಎನ್ನುತ್ತಾಳೆ.

ಕಾದಂಬರಿಯಲ್ಲಿ ನನಗೆ ಮೆಚ್ಚುಗೆಯಾದ ನಿಯಮ ಒಂದೇ. ಮನೆಯವರು ಯಾರಾದರೂ "ಬಾ" ಎನ್ನುವವರೆಗೆ ಅವನು ಹೊಸ್ತಿಲು ದಾಟುವಂತಿಲ್ಲ. ಅವರ ಪೀಡೆಗೆ ಕರೆಯೋಲೆ ಬೇಕು. ನಮ್ಮವರು ಇದನ್ನು ಇನ್ನೂ ಸೂಕ್ಷ್ಮವಾಗಿ ಬಗೆಹರಿಸಿದರು: "ನಾಳೆ ಬಾ" ಎಂದು ಬಾಗಿಲಿಗೆ ಬರೆದರು. ದೆವ್ವ ರಾತ್ರಿ ಬಂದು ಮನೆಯವರ ದನಿಯಲ್ಲೇ ಕರೆಯುತ್ತದೆ, ಒಂದೇ ಸಲ ಕರೆಯುತ್ತದೆ, ಬರಹ ಓದಿ ಮರಳುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ ಎಂಬ ಸುದ್ದಿ ತೊಂಬತ್ತರ ದಶಕದಲ್ಲಿ ಊರೂರು ಸುತ್ತಿತ್ತು. ನಮ್ಮ ಓಣಿಯವರೆಲ್ಲ ಸುಣ್ಣದಲ್ಲೋ ಇದ್ದಿಲಿನಲ್ಲೋ ಬರೆದುಕೊಂಡರು. ನಮ್ಮಪ್ಪನಿಗೆ ಅದು ಸರಿಬರಲಿಲ್ಲ. ಬೀದಿ ಎಮ್ಮೆ ದಿನಾ ನಮ್ಮ ಬಾಗಿಲಿಗೇ ಮೈ ಉಜ್ಜುತ್ತಿತ್ತು. ಸುಣ್ಣ ಅಳಿಸಿದ ರಾತ್ರಿಯೇ ದೆವ್ವ ಬಂದರೆ? ಮನೆಯಲ್ಲಿ ಎತ್ತಿನ ಬಂಡಿಗೆ ಹಚ್ಚಿ ಉಳಿದ ಹಸಿರು ಎಣ್ಣೆಬಣ್ಣವಿತ್ತು. ಲಾರಿಗಳ ಮೇಲೆ ಅಕ್ಷರ ಬರೆಯುವವನನ್ನು ಕರೆಸಿದ.

ಅವನು ಕಲಾವಿದ. ಗೇಣುದ್ದದ ಅಕ್ಷರ, ಪ್ರತಿ ಅಕ್ಷರಕ್ಕೂ ಹಳದಿಯ ನೆರಳು, ಎರಡೂ ಬದಿಗೆ ಕಮಲ. ಕೈರೂಢಿಯಲ್ಲಿ ಕೆಳಗೆ "ಹಾರನ್" ಎಂದು ಶುರುಮಾಡಿದ್ದನ್ನು ಅಪ್ಪ ಕೈಹಿಡಿದು ನಿಲ್ಲಿಸಿದ. "ಹಾ" ಮಾತ್ರ ಉಳಿಯಿತು. "ನಾಳೆ ಬಾ, ಹಾ."

ದೆವ್ವದ ಸುದ್ದಿ ತಿಂಗಳೊಪ್ಪತ್ತಿನಲ್ಲಿ ತಣ್ಣಗಾಯಿತು. ಬಣ್ಣ ತಣ್ಣಗಾಗಲಿಲ್ಲ. ಸೀಮೆಎಣ್ಣೆ ಹಾಕಿ ಉಜ್ಜಿದೆವು, ಕಮಲ ಇನ್ನಷ್ಟು ಅರಳಿತು. ಕೆಲವು ವರ್ಷದ ಮೇಲೆ ಗಂಗಾವತಿ ಕಡೆಯವರು ತಂಗಿಯನ್ನು ನೋಡಲು ಬಂದರು. ಒಳಗೆ ಅವಲಕ್ಕಿ ಕಲೆಸಿ ಕಾಯುತ್ತಿದ್ದೇವೆ, ಯಾರೂ ಬರಲೊಲ್ಲರು. ಹೊರಗೆ ಬಂದರೆ ಪಕ್ಕದ ಮನೆಯವರು, "ಯಾರೋ ಐದಾರು ಜನ ನಿಮ್ಮ ಬಾಗಿಲು ಓದಿ ಹೋದರಲ್ಲ" ಎಂದರು. ಅಪ್ಪ ಬರಿಗಾಲಲ್ಲಿ ಬಸ್ ನಿಲ್ದಾಣಕ್ಕೆ ಓಡಿದ. "ಅದು ನಿಮಗೆ ಬರೆದದ್ದಲ್ಲ, ದೆವ್ವಕ್ಕೆ" ಎಂದು ಕೈಮುಗಿದನಂತೆ. "ಓದಿದವರು ನಾವಲ್ಲವೇ?" ಎಂದು ಗಂಡಿನ ತಂದೆ ಬಸ್ಸು ಹತ್ತಿಬಿಟ್ಟರು. ಆ ರಾತ್ರಿ ಅಪ್ಪ ಊಟ ಮಾಡಲಿಲ್ಲ. ಅವಲಕ್ಕಿಯನ್ನು ಎಮ್ಮೆ ತಿಂದಿತು. ಮರುದಿನ ಹನ್ನೊಂದಕ್ಕೆ ಅದೇ ಐದಾರು ಜನ ಬಾಗಿಲಲ್ಲಿ. "ನಾಳೆ ಬಾ ಎಂದಿದ್ದಿರಿ, ಬಂದಿದ್ದೇವೆ" ಎಂದರು ಹಿರಿಯರು, ಮುಖದಲ್ಲಿ ನಗೆಯ ಸುಳಿವಿಲ್ಲದೆ. ಮದುವೆಯಾಯಿತು. ಬಾಗಿಲು ಬದಲಾಗಿ ಎಷ್ಟೋ ಕಾಲವಾದರೂ ನಮ್ಮ ಭಾವ ಇಂದಿಗೂ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತ, "ಇವತ್ತೇ ಒಳಗೆ ಬರಬಹುದೋ?" ಎಂದು ಕೇಳುತ್ತಾರೆ. ಮೊದಲ ಇಪ್ಪತ್ತು ಸಲ ನಾನೂ ನಕ್ಕಿದ್ದೇನೆ.

ಅಲ್ಲಿ ಹುಡುಗಿಯರು ಬಾ ಎಂದು ಕರೆಯುತ್ತಿದ್ದ ಕಾಲದಲ್ಲೇ ಇಲ್ಲಿ ನಾವು ನಾಳೆ ಬಾ ಎಂದು ಬರೆಸುತ್ತಿದ್ದೆವು. ಇದರಲ್ಲಿ ಏನೋ ಒಂದು ಅರ್ಥವಿದೆ ಎಂದು ಹೊಳೆದು, ಹೇಳಲು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಬಾಗಿಲಾಚೆಯಿಂದ ಯಾರೋ ನನ್ನ ಹೆಸರು ಹಿಡಿದು ಕೂಗಿದರು. ಒಂದೇ ಸಲ.

ಸಂಜೆಯಿಂದ ಮೊದಲ ಬಾರಿಗೆ ಅವಳು ಸಿನಿಮಾ ನಿಲ್ಲಿಸಿದಳು. ಗಂಟೆ ಹನ್ನೆರಡೂವರೆ. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಅರವತ್ತೊಂದರ ಮುದುಕನೂ ಎಂಎ ಓದುತ್ತಿರುವ ಹುಡುಗಿಯೂ ಎರಡನೇ ಕೂಗಿಗಾಗಿ ಉಸಿರು ಹಿಡಿದು ಕುಳಿತೆವು. ಅದು ಬರಲಿಲ್ಲ.

"ನಳ ಬಂತೆಂದು ಕರೆದರೆ ಓ ಎನ್ನಲೂ ಇಲ್ಲ ನೀವು" ಎಂದು ಪಕ್ಕದ ಮನೆಯಾಕೆ ಬೆಳಿಗ್ಗೆ ತುಂಬಿದ ಕೊಡ ಹೊತ್ತು ಹೋಗುತ್ತ ಹೇಳಿದರು. ನಾನು ಹೋಗಿ ನಳ ತಿರುಗಿಸಿದೆ. "ಶ್ಶ್" ಎಂದಿತು.