ಮಾಲೆ ತೆಗೆದ ಮೇಲಿನ ಸಿಗರೇಟು

ಸಿಗರೇಟು ಬಿಡುವುದಕ್ಕೆ ಗಟ್ಟಿ ಮನಸ್ಸು ಬೇಕು ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಯಾವತ್ತೂ ಸೇದದವರು ಇನ್ನೂ ಜಾಸ್ತಿ ಹೇಳುತ್ತಾರೆ. ನನಗೆ ಈ ಮಾತಿನ ಮೇಲೆ ನಂಬಿಕೆ ಇಲ್ಲ. ಮನಸ್ಸು ಗಟ್ಟಿ ಇಲ್ಲ ಅಂತ ಬೈಸಿಕೊಳ್ಳುವ ಅದೇ ಜನ ಪ್ರತಿ ವರ್ಷ ನವೆಂಬರಿನಲ್ಲಿ ಬೀಡಿ, ಸಿಗರೇಟು, ಎಣ್ಣೆ ಎಲ್ಲವನ್ನೂ ಗುಂಪುಗುಂಪಾಗಿ ಬಿಡುತ್ತಾರಲ್ಲ? ಅಯ್ಯಪ್ಪನ ಮಾಲೆ ಹಾಕುತ್ತಾರೆ, ಅಷ್ಟೇ.

ನಾನಿರುವುದು ಇಂಗ್ಲೆಂಡಿನಲ್ಲಿ. ಇಲ್ಲೂ ಇಂಥದ್ದೊಂದು ಇದೆ, ಅಕ್ಟೋಬರಿನಲ್ಲಿ. ಸ್ಟಾಪ್‌ಟೋಬರ್ ಅಂತ ಹೆಸರು, 2012ರಲ್ಲಿ ಶುರುವಾಯಿತು. 28 ದಿನ ಸಿಗರೇಟು ಮುಟ್ಟದೆ ಕಳೆದರೆ ಪೂರ್ತಿ ಬಿಡುವ ಸಾಧ್ಯತೆ ಐದು ಪಟ್ಟು ಅನ್ನುವುದೇ ಅದರ ಪ್ರಚಾರದ ಮುಖ್ಯ ಮಾತು. ನಮ್ಮ ಮಂಡಲ ವ್ರತ 41 ದಿನ. ಆ ಲೆಕ್ಕದಲ್ಲಿ ನಮ್ಮೂರಿನ ಅರ್ಧ ಗಂಡಸರು ಈಗಾಗಲೇ ಸಿಗರೇಟಿನ ಹಂಗು ತೊರೆದಿರಬೇಕಿತ್ತು. ಆದರೆ ಮಾಲೆ ತೆಗೆದ ಸಂಜೆಯೇ ಬೇಕರಿ ಮುಂದೆ ಹೊಗೆ ಎದ್ದಿರುತ್ತದೆ.

ವ್ರತದಲ್ಲಿ ಏನು ನಡೆಯುತ್ತದೆ ನೋಡಿ. ಕಪ್ಪು ಪಂಚೆ ಉಟ್ಟ ದಿನದಿಂದ ಹೆಂಡತಿಯೂ ಸ್ವಾಮಿ ಅನ್ನುತ್ತಾಳೆ, ಆಫೀಸಿನ ಸಾಹೇಬರೂ ಸ್ವಾಮಿ ಅನ್ನುತ್ತಾರೆ. ದಿನಾ ಜೊತೆಯಲ್ಲಿ ಸೇದುತ್ತಿದ್ದ ಗೆಳೆಯ ತಾನೇ ದೂರ ಹೋಗಿ ಸೇದುತ್ತಾನೆ. ಅಂಗಡಿಯವನು ಕೇಳಿದರೂ ಕೊಡುವುದಿಲ್ಲ. ಬೆಳಿಗ್ಗೆ ತಣ್ಣೀರು ಸ್ನಾನ, ಸಂಜೆ ಭಜನೆ, ಜೊತೆಗೆ ಅದೇ ಕಷ್ಟದಲ್ಲಿರುವ ಹತ್ತಾರು ಜನ. ನಿಕೋಟಿನ್ ಸಿಗದ ಕಿರಿಕಿರಿ ಮೊದಲ ವಾರ ವಿಪರೀತ, ಮೂರು ನಾಲ್ಕು ವಾರಕ್ಕೆ ಬಹುಪಾಲು ಇಳಿದಿರುತ್ತದೆ. ಅಂದರೆ ಶಬರಿಮಲೆಗೆ ಹೊರಡಲು ಇರುಮುಡಿ ಕಟ್ಟುವ ಹೊತ್ತಿಗೆ ಮೈ ತನ್ನ ಕೆಲಸ ಮುಗಿಸಿರುತ್ತದೆ. ಆಮೇಲೆ ಎಳೆಯುವುದು ಟೀ ಅಂಗಡಿ, ಬಸ್ ಸ್ಟ್ಯಾಂಡು, ಮತ್ತೆ ಹತ್ತಿರ ಬಂದ ಆ ಗೆಳೆಯ. ಸ್ವಾಮಿ ಅನ್ನುವುದನ್ನು ಎಲ್ಲರೂ ಒಂದೇ ದಿನ ನಿಲ್ಲಿಸಿಬಿಡುತ್ತಾರೆ.

ಇಂಗ್ಲೆಂಡಿನಲ್ಲಿ ಭಜನೆ ಇಲ್ಲ, ಆದರೆ ಮೆಡಿಕಲ್ ಶಾಪ್ ಇದೆ. ಎಷ್ಟೋ ಊರುಗಳಲ್ಲಿ ಅಲ್ಲೇ ಹಿಂದೆ ಒಂದು ಪುಟ್ಟ ಕೋಣೆ, ತರಬೇತಿ ಆದ ಒಬ್ಬರು ಸಲಹೆಗಾರರು. ಅವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ಎದ್ದು ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಹಚ್ಚುತ್ತೀರಿ ಅನ್ನುವುದು. ಐದು ನಿಮಿಷದೊಳಗೆ ಅಂದರೆ ಚಟ ಆಳವಾಗಿದೆ ಅಂತ. ಛೇ ಅನ್ನುವುದಿಲ್ಲ, ಮಕ್ಕಳ ಮುಖ ನೋಡಿ ಅನ್ನುವುದಿಲ್ಲ. ಆಮೇಲೆ ಒಂದು ಕೈಯಳತೆಯ ಯಂತ್ರ ಕೊಡುತ್ತಾರೆ. ಉಸಿರು ಹಿಡಿದು, ಹದಿನೈದು ಸೆಕೆಂಡ್ ಬಿಟ್ಟು, ಮೆಲ್ಲಗೆ ಊದಬೇಕು. ಉಸಿರಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಎಷ್ಟಿದೆ ಅಂತ ಅಂಕಿ ಬರುತ್ತದೆ. ಒಂದೆರಡು ದಿನ ಸೇದದಿದ್ದರೆ ಅದು ಸೇದದವರ ಮಟ್ಟಕ್ಕೆ ಇಳಿಯುತ್ತದೆ. ವಾರ ವಾರ ಹೋಗಿ ಊದುವುದು. ದೊಡ್ಡವರು ಆ ಅಂಕಿ ನೋಡಿ ಮಾರ್ಕ್ಸ್ ಕಾರ್ಡ್ ಹಿಡಿದ ಮಕ್ಕಳ ಥರ ಖುಷಿಪಡುವುದನ್ನು ಕಂಡಿದ್ದೇನೆ.

ಔಷಧವೂ ಉಂಟು. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ, ನಿಕೋಟಿನ್ ಗಮ್, ವರೆನಿಕ್ಲಿನ್ ಮಾತ್ರೆ. ಗಮ್ ನಮ್ಮಲ್ಲೂ ಸಿಗುತ್ತದೆ, ಎರಡು ಮಿಲಿಗ್ರಾಮಿನದು ಡಾಕ್ಟರ ಚೀಟಿ ಇಲ್ಲದೆಯೇ. ಆದರೆ ಅದನ್ನು ಹೇಗೆ ತಿನ್ನಬೇಕು ಅಂತ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಬಬಲ್‌ಗಮ್ಮಿನಂತೆ ಜಗಿದರೆ ಬಿಕ್ಕಳಿಕೆ, ಹೊಟ್ಟೆ ಉರಿ, ಸಾಲದ್ದಕ್ಕೆ ದಂಡದ ದುಡ್ಡು. ಸ್ವಲ್ಪ ಜಗಿದು, ಚುರುಚುರು ಅಂದ ಕೂಡಲೇ ಕೆನ್ನೆ ಮತ್ತು ಒಸಡಿನ ನಡುವೆ ಒತ್ತರಿಸಿಟ್ಟುಕೊಳ್ಳಬೇಕು. ಹೊಗೆಸೊಪ್ಪು ಹಾಕುವ ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ! ಗಮ್ ಹಾಕುವ ಮುಂಚಿನ ಹದಿನೈದು ನಿಮಿಷ ಕಾಫಿ ಟೀ ಕುಡಿಯಬಾರದು, ಕುಡಿದರೆ ನಿಕೋಟಿನ್ ಸರಿಯಾಗಿ ಒಳಗೆ ಹೋಗುವುದಿಲ್ಲ. ನಮ್ಮವರು ಟೀ ಕುಡಿದ ಮೇಲೆಯೇ ಗಮ್ ಬಾಯಿಗೆ ಹಾಕುವುದು.

ಇ-ಸಿಗರೇಟಿನ ವಿಷಯದಲ್ಲಿ ಮಾತ್ರ ಎರಡು ದೇಶಗಳೂ ಎದುರುಬದುರು. ಭಾರತ 2019ರಲ್ಲಿ ಪೂರ್ತಿ ನಿಷೇಧಿಸಿತು. ಇಂಗ್ಲೆಂಡ್ 2023ರಲ್ಲಿ, ಸಿಗರೇಟು ಬಿಡಲಿ ಅಂತ ಹತ್ತು ಲಕ್ಷ ಜನರಿಗೆ ಪುಕ್ಕಟೆ ಕೊಡುವುದಾಗಿ ಹೇಳಿತು. ಸೇದಿ ಸೇದಿ ಹಣ್ಣಾದವರಿಗೆ ಇಲ್ಲಿನ ದಾರಿ ಅನುಕೂಲ, ಒಪ್ಪುತ್ತೇನೆ. ಆದರೆ ಯಾವತ್ತೂ ಸಿಗರೇಟು ಮುಟ್ಟದ ಶಾಲೆ ಮಕ್ಕಳ ಕೈಗೂ ಅದು ಬಂತು. ಬಳಸಿ ಬಿಸಾಡುವ ಬಗೆಯದನ್ನು 2025ರ ಜೂನ್ 1ರಿಂದ ನಿಲ್ಲಿಸಬೇಕಾಯಿತು. ನಮ್ಮ ನಿಷೇಧವನ್ನು ಸುಮ್ನೆ ಹಳೇ ಕಾಲದ್ದು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಇಲ್ಲಿ ಇಪ್ಪತ್ತು ಸಿಗರೇಟಿಗಿಂತ ಕಡಿಮೆಯ ಪ್ಯಾಕ್ ಮಾರುವಂತಿಲ್ಲ. ಅದಕ್ಕೆ 15 ಪೌಂಡಿಗೂ ಜಾಸ್ತಿ. ಪ್ಯಾಕೆಲ್ಲ ಒಂದೇ ಮಾಸಲು ಹಸಿರು, ಅಂಗಡಿಯಲ್ಲಿ ಮುಚ್ಚಿದ ಕಪಾಟಿನೊಳಗೆ. ಬಿಟ್ಟವನು ಮತ್ತೆ ಒಂದು ಸೇದಬೇಕೆಂದರೆ ಇಪ್ಪತ್ತು ಕೊಳ್ಳಬೇಕು. ನಮ್ಮ ಗೂಡಂಗಡಿಯಲ್ಲಿ? ಬಿಡಿಯಾಗಿ ಮಾರುವುದಕ್ಕೆ ಕರ್ನಾಟಕದಲ್ಲಿ ನಿಷೇಧವಿದೆ, ನಿಜ. ಅಂಗಡಿಯ ಕಂಬಕ್ಕೆ ದಾರದಲ್ಲಿ ಕಟ್ಟಿ ತೂಗುಬಿಟ್ಟ ಲೈಟರು ಮಾತ್ರ ಬೇರೆಯೇ ಕಥೆ ಹೇಳುತ್ತದೆ. ಒಂದೇ ಒಂದು ಸಿಗರೇಟು, ಚಿಲ್ಲರೆ ದುಡ್ಡು, ಬೆಂಕಿ ಪುಕ್ಕಟೆ. 41 ದಿನದ ವ್ರತ ಮುರಿಯಲು ಇನ್ನೇನು ಬೇಕು? ಹುಣಸೂರು, ಪಿರಿಯಾಪಟ್ಟಣದ ಕಡೆಯವನಾದ ನನಗೆ ತಂಬಾಕನ್ನು ಬಾಯಿಗೆ ಬಂದಂತೆ ಬೈಯುವುದು ಕಷ್ಟ, ಬ್ಯಾರನ್ನಿನಲ್ಲಿ, ಅಂದರೆ ತಂಬಾಕು ಹದ ಮಾಡುವ ಮನೆಯಲ್ಲಿ, ಬೆಂದ ಎಲೆಯ ದುಡ್ಡಿನಲ್ಲೇ ನಮ್ಮ ಸ್ಕೂಲ್ ಫೀಸು ಕಟ್ಟಿದ್ದು. ಆದರೂ ಆ ಲೈಟರನ್ನು ಬಿಚ್ಚಿ ಒಳಗಿಡಲಿ ಅನ್ನುತ್ತೇನೆ.

ಇನ್ನೊಂದು, ಮರ್ಯಾದೆಯ ವಿಷಯ. ನಮ್ಮಲ್ಲಿ ಅಪ್ಪನ ಎದುರು ಸೇದುವುದಿಲ್ಲ. ಏಲಕ್ಕಿ ಜಗಿದು, ಬಾಯಿ ತೊಳೆದು ಒಳಗೆ ಹೋಗುವುದು. ಅಪ್ಪನಿಗೂ ಗೊತ್ತು, ಗೊತ್ತಿಲ್ಲದಂತೆ ಇರುತ್ತಾರೆ. ಸೇದುವುದನ್ನೇ ಹೇಳದವನು ಬಿಡುತ್ತಿದ್ದೇನೆ ಅಂತ ಹೇಗೆ ಹೇಳುತ್ತಾನೆ? ಬಿಟ್ಟ ಮೂರನೇ ದಿನ ಸಿಡಿಮಿಡಿಗುಟ್ಟಿದರೆ ಮನೆಯವರಿಗೆ ಕಾರಣವೇ ತಿಳಿಯುವುದಿಲ್ಲ. ಮಾಲೆ ಹಾಕಿದಾಗ ಮಾತ್ರ ಇದನ್ನು ಯಾರಿಗೂ ಹೇಳಬೇಕಿಲ್ಲ. ಇಂಗ್ಲೆಂಡಿನಲ್ಲಿ ಎಲ್ಲಿ ಬೇಕಾದರೂ ಹೇಳಿಕೊಳ್ಳಬಹುದು, ಆದರೆ ವೆಲ್ ಡನ್ ಅಂದು ಅವರವರ ಪಾಡಿಗೆ ಹೋಗುತ್ತಾರೆ. ಒಂಟಿಯಾಗಿ ಪಟ್ಟಿ ಅಂಟಿಸಿಕೊಂಡು ಕೂರುವುದು ಏನೆಂದು ಬಿಟ್ಟವರಿಗೇ ಗೊತ್ತು.

ಹಾಗಾಗಿ ಒಂದು ಸಲಹೆ. ಕರ್ನಾಟಕದಲ್ಲಿ ಸಿಗರೇಟು ಬಿಡಿಸುವ ಕೆಲಸ ಮಾಡುವವರು ಮೇ 31ರ ವಿಶ್ವ ತಂಬಾಕು ರಹಿತ ದಿನದ ಜಾಥಾಗಿಂತ ಮಾಲೆ ತೆಗೆಯುವ ವಾರದ ಕಡೆ ನೋಡಲಿ. ಸರ್ಕಾರದ ಉಚಿತ ಸಹಾಯವಾಣಿ 1800-11-2356 ಪ್ರತಿ ಪ್ಯಾಕಿನ ಮೇಲೂ ಇದೆ. ಆ ಸೇವೆಯ ಒಂದು ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದೆ, ಕನ್ನಡದಲ್ಲೇ ಮಾತಾಡಬಹುದು. ಪ್ಯಾಕು ಕೊಳ್ಳದೆ ಬಿಡಿಯಾಗಿ ಕೊಳ್ಳುವವನ ಕಣ್ಣಿಗೆ ಆ ನಂಬರು ಬೀಳುವುದೇ ಇಲ್ಲ, ಅಲ್ವಾ? ಅದನ್ನು ಗುರುಸ್ವಾಮಿಗಳ ಬಾಯಲ್ಲಿ ಹೇಳಿಸಬೇಕು. ವ್ರತಕ್ಕೆಂದು ಮಾಡಿದ ವಾಟ್ಸಾಪ್ ಗ್ರೂಪು ಮಾಲೆ ತೆಗೆದ ಮೇಲೂ ಒಂದೆರಡು ತಿಂಗಳು ನಡೆಯಬೇಕು.

ನಮ್ಮೂರಿನ ಗುರುಸ್ವಾಮಿಯೊಬ್ಬರಿಗೆ ಫೋನಿನಲ್ಲಿ ಇದನ್ನೇ ಹೇಳಿದೆ. ಮೊದಲು ನಕ್ಕರು. "ಮಾಲೆ ತೆಗೆದ ಮೇಲೆ ನನ್ನ ಮಾತು ಯಾರಪ್ಪ ಕೇಳ್ತಾರೆ? ಕೆಲವರು ನನ್ನನ್ನ ಕಂಡ್ರೇ ಬೇರೆ ಬೀದಿ ಹಿಡೀತಾರೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆ ನಂಬರ್ ಕಳ್ಸು, ಇರುಮುಡಿ ಕಟ್ಟೋ ದಿನಾನೇ ಗ್ರೂಪಿಗೆ ಹಾಕ್ತೀನಿ. ಆವತ್ತು ಎಲ್ರೂ ಇರ್ತಾರೆ" ಅಂದರು.