ಕವಲೇದುರ್ಗದಲ್ಲಿ ಚಿತ್ರಾನ್ನದ ಚಿಂತೆ

ಮಳೆ ಮುಗಿಯಲಿ, ಆಮೇಲೆ ಹೋಗೋಣ ಎಂದು ಹೆಂಡತಿ ಹೇಳಿದ್ದಳು. ನಾನು ಕೇಳಬೇಕಲ್ಲ! ಆಗಸ್ಟ್‌ನ ಒಂದು ಭಾನುವಾರ ತೀರ್ಥಹಳ್ಳಿಯ ಅತ್ತೆ ಮನೆಯಿಂದ ಹೊರಟು, ಗದ್ದೆ ಬದುವಿನ ಮೇಲೆ ಸರ್ಕಸ್ ಮಾಡುತ್ತಾ ಕವಲೇದುರ್ಗದ ಬುಡ ಸೇರಿದೆವು.

ಗುಡ್ಡಕ್ಕೆ ಸುತ್ತಿನ ಮೇಲೆ ಸುತ್ತು ಕೋಟೆ. ಹತ್ತಲು ಪಾಚಿ ಹಿಡಿದ ಹಾಸುಗಲ್ಲು. ಎರಡನೇ ಬಾಗಿಲ ಹತ್ತಿರ ನಾನು ಧೊಪ್ಪನೆ ಕುಳಿತೆ. ಬಂದವರನ್ನು ಬೀಳಿಸಲು ಕಟ್ಟಿದ ಬಾಗಿಲು, ಇನ್ನೂ ಡ್ಯೂಟಿ ಬಿಟ್ಟಿಲ್ಲ.

ಎದ್ದು ಪ್ಯಾಂಟ್ ಮಡಚಿದರೆ ಮೀನಖಂಡಕ್ಕೆ ನಾಲ್ಕು ಉಂಬಳ, ಅಂದರೆ ಜಿಗಣೆ. "ನಾಯಕರ ಕಾಲದಲ್ಲಾದರೆ ಉಂಬಳಿ ಸಿಗುತ್ತಿತ್ತು, ನಮಗೆ ಉಂಬಳ" ಎಂದೆ. ಯಾರೂ ನಗಲಿಲ್ಲ.

"ಉಂಬಳ ಬಿಡಿಸೋಕೆ ಉಪ್ಪೆಲ್ಲಿ?"

"ಚಿತ್ರಾನ್ನದ ಚೀಲದಲ್ಲಿ."

"ಚೀಲ?"

"ನಿಮ್ಮ ಹತ್ತಿರ ಅಲ್ವಾ?"

ಸ್ವಲ್ಪ ಹೊತ್ತು ಬರೀ ಮಳೆಯ ಸದ್ದು. ಕಾರಿನಲ್ಲೇ ಇರಬೇಕು ಎಂದು ಇಬ್ಬರೂ ಒಪ್ಪಿಕೊಂಡೆವು. ದಾಂಪತ್ಯದಲ್ಲಿ ಇಂಥ ಒಪ್ಪಂದಗಳು ಬೇಕಾಗುತ್ತವೆ.

ಮಗನ ಹಸಿವು ಮರೆಸಲು ಇತಿಹಾಸ ಶುರು ಮಾಡಿದೆ. ಇದು ಕೆಳದಿ ನಾಯಕರ ದುರ್ಗ. ಇದಕ್ಕೆ ಭುವನಗಿರಿ ಅಂತಲೂ ಹೆಸರಿತ್ತು. ಶಿವಾಜಿಯ ಮಗ ರಾಜಾರಾಮ 1689ರಲ್ಲಿ ಮೊಗಲರಿಂದ ತಪ್ಪಿಸಿಕೊಂಡು ಬಂದಾಗ, ಔರಂಗಜೇಬನಿಗೂ ಹೆದರದೆ ಆಶ್ರಯ ಕೊಟ್ಟವಳು ಈ ಮನೆತನದ ರಾಣಿ ಚೆನ್ನಮ್ಮ.

"ಊಟ ಹಾಕಿದ್ಳಾ?" ಎಂದ ಮಗ.

1763ರಲ್ಲಿ ಹೈದರ್ ಅಲಿ ಈ ನಾಯಕರ ರಾಜಧಾನಿ ಬಿದನೂರು ಹಿಡಿದದ್ದನ್ನು ಒಂದೇ ಉಸಿರಿನಲ್ಲಿ ಮುಗಿಸಿದೆ.

ಕಾಶಿ ವಿಶ್ವನಾಥನಿಗೆ ಕೈಮುಗಿದು ಅರಮನೆ ಹುಡುಕಿದೆವು. ಸೂರಿಲ್ಲ, ಗೋಡೆಗಳೂ ಹೆಚ್ಚು ಕಡಿಮೆ ಹೋಗಿವೆ. ಕಲ್ಲಿನ ಜಗಲಿ, ಕಂಬದ ಬುಡಗಳು, ಮಧ್ಯೆ ಮೊಣಕಾಲೆತ್ತರದ ಹುಲ್ಲು. ಸಿಂಹಾಸನ ಎಲ್ಲಿತ್ತೋ! ಆದರೆ ಅಡುಗೆಮನೆಯ ಒಲೆ ಮಾತ್ರ ಇದೆ. ಕಲ್ಲಿನ ಒಲೆ, ಒಂದಲ್ಲ ಎರಡಲ್ಲ, ಐದು ಪಾತ್ರೆ ಒಟ್ಟಿಗೆ ಇಡುವಂಥದ್ದು. ಬಾಯಿಗಳಲ್ಲಿ ಮಳೆನೀರು ನಿಂತಿತ್ತು, ಒಂದರಲ್ಲಿ ಕಪ್ಪೆ ಕೂತಿತ್ತು. ಮೂವರೂ ಅದರ ಮುಂದೆ, ಪಂಕ್ತಿಗೆ ಕೂತವರ ಹಾಗೆ, ಸುಮ್ನೆ ಕೂತೆವು. ಇದರಲ್ಲಿ ಅನ್ನ, ಅದರಲ್ಲಿ ಸಾರು, ಆ ಕಡೆಯದರಲ್ಲಿ ಪಾಯಸ ಎಂದು ಹೆಂಡತಿ ಲೆಕ್ಕ ಹಾಕಿದಳು. ಕಪ್ಪೆ ಇದ್ದದ್ದು ಪಾಯಸದಲ್ಲಿ.

ಇಳಿಯುವಾಗ ಓಡಿದ್ದೇ ಓಡಿದ್ದು. ಕಾರಿನ ಡಿಕ್ಕಿ ತೆಗೆದರೆ ಸ್ಟೆಪ್ನಿ ಬಿಟ್ಟು ಬೇರೇನಿಲ್ಲ. ಅಷ್ಟರಲ್ಲಿ ಫೋನಿಗೆ ಸಿಗ್ನಲ್ ಬಂತು. ಅತ್ತೆಯವರ ಆರು ಮಿಸ್ಡ್ ಕಾಲ್.

"ಡಬ್ಬಿ ಚೀಲ ಒಲೆ ಪಕ್ಕದಲ್ಲೇ ಬಿಟ್ಟು ಹೋಗಿದ್ದೀರಲ್ಲ!"