ಕಾರಿನ ಆಸರಿಗೆ

ಕಾಸರಗೋಡಿನ ಹಳ್ಳಿಮನೆಗೆ ನೆಂಟರು ಬಂದರೆ ಮೊದಲ ಮಾತು "ಆಸರಿಗೆ ಏನಾಗಬೇಕು?" ಬೆಲ್ಲ ನೀರೋ, ಮಜ್ಜಿಗೆಯೋ, ಪುನರ್ಪುಳಿ ಶರಬತ್ತೋ. ಈಗೀಗ ಆ ಪ್ರಶ್ನೆಗೊಂದು ಬಾಲ ಬೆಳೆದಿದೆ. ಅಂಗಳದಲ್ಲಿ ನಿಂತ ಕರೆಂಟು ಕಾರಿಗೂ ಆಸರಿಗೆ ಬೇಕಾದೀತು. ನಲ್ಲಿ ಮನೆಯವರದ್ದು, ಪೈಪು ಮಾತ್ರ ನೆಂಟರೇ ತರಬೇಕು. ಆ ಪೈಪು, ಅಂದರೆ ಮೂರು ಪಿನ್ನಿನ ಚಾರ್ಜಿಂಗ್ ಕೇಬಲ್, ಡಿಕ್ಕಿಯಲ್ಲಿ ಇರಲೋ ಬೇಡವೋ ಎಂಬ ಜಿಜ್ಞಾಸೆ ಹೊರಡುವ ಹೊತ್ತಿಗೇ ಹುಟ್ಟುತ್ತದೆ. ಡಿಕ್ಕಿಯಲ್ಲಿ ಆಗಲೇ ಬಾಳೆಗೊನೆ ಮಲಗಿರುತ್ತದಲ್ಲ.

ತೂಕದ ನೆಪ ಯಾರೂ ಹೇಳಬಾರದು. ಐದು ಮೀಟರ್ ಕೇಬಲ್, ನಡುವಿನ ಪೆಟ್ಟಿಗೆ, ಕಾರಿಗೆ ಸಿಕ್ಕಿಸುವ ತುದಿಯ ಗನ್ ಎಲ್ಲ ಸೇರಿ ನಾಲ್ಕೈದು ಕಿಲೋ. ಒಂದೂವರೆ ಟನ್ನಿನ ಕಾರಿಗೆ ಅದು ಲೆಕ್ಕಕ್ಕೇ ಇಲ್ಲ. ಕಾರಿನ ಓಟವನ್ನು ನಿಜವಾಗಿ ತಿನ್ನುವುದು ಏರು. ಕಾಸರಗೋಡಿನಿಂದ ಸುಳ್ಯದ ಮೇಲಾಗಿ ಮಡಿಕೇರಿಗೆ ಹೋದರೆ 1,100 ಮೀಟರಿಗೂ ಹೆಚ್ಚು ಹತ್ತಬೇಕು; ಹತ್ತುವುದೊಂದಕ್ಕೇ ಸುಮಾರು ಐದು ಯೂನಿಟ್ ಹೆಚ್ಚು ಬೇಕು. ಇಳಿಯುವಾಗ ಅದರಲ್ಲಿ ಒಂದು ಪಾಲು ಬ್ಯಾಟರಿಗೆ ವಾಪಸಾಗುತ್ತದೆ ಅನ್ನುವುದು ಬೇರೆ ಮಾತು.

ಹಾಗಂತ ದೂರ ನೋಡಿ ತೀರ್ಮಾನಿಸಿದರೂ ತಪ್ಪುತ್ತದೆ. ಮಂಗಳೂರಿಗೆ ಹೋಗಿ ಸಂಜೆಯೊಳಗೆ ಮರಳಿದರೆ ನೂರು ಕಿಲೋಮೀಟರ್ ಆಸುಪಾಸು. ಮನೆಯಲ್ಲೇ ತುಂಬಿಸಿ ಹೊರಟರೆ ಕೇಬಲ್ ಮನೆಯಲ್ಲೇ ಇರಬಹುದು. ಬದಿಯಡ್ಕದಾಚೆಯ ಮನೆಗೆ ಪೂಜೆಗೆಂದು ಹೋಗಿ ರಾತ್ರಿ ಅಲ್ಲೇ ಉಳಿಯುವುದಾದರೆ, ಅದು ಮೂವತ್ತೇ ಕಿಲೋಮೀಟರ್ ಇದ್ದರೂ, ಕೇಬಲ್ ಹಿಡಿದುಕೊಳ್ಳಿ. ಇದು ರಾತ್ರಿ ತಂಗುವ ಮನೆಯ ಸಾಮಾನು, ದಾರಿಯದ್ದಲ್ಲ. ಹೆದ್ದಾರಿ ಬದಿಯ ಡಿಸಿ ಫಾಸ್ಟ್ ಚಾರ್ಜರಿಗೆ ಅದರದ್ದೇ ದಪ್ಪ ಕೇಬಲ್ ಅಂಟಿಕೊಂಡಿರುತ್ತದೆ. ನಿಮ್ಮದು ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಯಕ್ಷಗಾನ ನೋಡುವವರಿಗೆ ಬೇಗ ಅರ್ಥವಾದೀತು. ಫಾಸ್ಟ್ ಚಾರ್ಜರಿನದ್ದು ಕಾಲಮಿತಿ ಆಟ. ನೂರಕ್ಕೆ ಎಂಬತ್ತು ತುಂಬುವವರೆಗೆ ಅಬ್ಬರ, ಆಮೇಲೆ ಅದೂ ನಿಧಾನ. ಗೋಡೆಯ ಪ್ಲಗ್ಗಿನದ್ದು ಬೆಳಗಿನವರೆಗಿನ ಆಟ. 10 ಆಂಪಿಯರಿನಲ್ಲಿ 230 ವೋಲ್ಟ್ ಸರಿಯಾಗಿ ಸಿಕ್ಕಿದರೆ ಗಂಟೆಗೆ 2.3 ಯೂನಿಟ್, ಸೋರಿದ್ದು ಕಳೆದು ಬ್ಯಾಟರಿಗೆ ಸೇರುವುದು ಎರಡೇ ಅಂದುಕೊಳ್ಳಿ. ರಾತ್ರಿ ಒಂಬತ್ತಕ್ಕೆ ಸಿಕ್ಕಿಸಿ ಬೆಳಿಗ್ಗೆ ಆರಕ್ಕೆ ತೆಗೆದರೆ 18 ಯೂನಿಟ್. ಯೂನಿಟ್ಟಿಗೆ ಏಳು ಕಿಲೋಮೀಟರ್ ಓಡುವ ಸಣ್ಣ ಕಾರಾದರೆ 126 ಕಿಲೋಮೀಟರ್. ಚೌಕಿಪೂಜೆಯಿಂದ ಮಂಗಳದವರೆಗೆ ಕೂತವರಿಗಷ್ಟೇ ಈ ಫಲ. ಸಂಜೆ ಹೊತ್ತು ವೋಲ್ಟೇಜ್ 180ಕ್ಕೆ ಇಳಿಯುವ ಊರಾದರೆ ಅದೇ 10 ಆಂಪಿಯರಿನಲ್ಲಿ ಸಿಗುವುದು 1.8 ಯೂನಿಟ್ ಮಾತ್ರ. ಊರಿನ ದೀಪ ಆರಿದ ಮೇಲೆ ಸಿಕ್ಕಿಸುವುದು ಜಾಣತನ.

ಇನ್ನು ಸಾಕೆಟ್. "ಭಾವ, ಜಗಲಿಯಲ್ಲಿ ಪವರ್ ಪ್ಲಗ್ ಉಂಟಾ?" ಎಂದರೆ "ಉಂಟಪ್ಪ, ಬೇಕಾದಷ್ಟು" ಎಂಬ ಉತ್ತರ ಬರುತ್ತದೆ. ನೋಡಿದರೆ ಫೋನಿಗೆ ಸಿಕ್ಕಿಸುವ 6 ಆಂಪಿಯರಿನ ಸಣ್ಣದು. ಬೇಕಾದ್ದು 16 ಆಂಪಿಯರಿನದ್ದು; ದಪ್ಪ ಪಿನ್ನಿನ, ಗ್ರೈಂಡರ್, ಗೀಸರ್ ಹಾಕುವಂಥದ್ದು. ದೊಡ್ಡ ಪಿನ್ನನ್ನು ಸಣ್ಣ ತೂತಿಗೆ ಹೊಂದಿಸುವ ಕನ್ವರ್ಟರ್ ಅಂಗಡಿಯಲ್ಲಿ ಸಿಗುತ್ತದೆ. ಸಿಗುತ್ತದೆಂದು ತಗೊಳ್ಳಬೇಡಿ. ಗೀಸರ್ ಕಾಲು ಗಂಟೆ ಉರಿದು ಆರುತ್ತದೆ, ಕಾರು ಒಂಬತ್ತು ಗಂಟೆ ಒಂದೇ ಸಮ ಎಳೆಯುತ್ತದೆ. ಸಾಕೆಟ್ಟಿನೊಳಗಿನ ಹಿಡಿತ ಸಡಿಲವಾಗಿದ್ದರೆ ಅಲ್ಲೇ ಕಾಯುತ್ತದೆ, ಪ್ಲಾಸ್ಟಿಕ್ ಕಂದುತ್ತದೆ, ಕಡೆಗೆ ಪಿನ್ನು ಅಂಟಿಕೊಳ್ಳುತ್ತದೆ. ಸಿಕ್ಕಿಸಿ ಅರ್ಧ ಗಂಟೆಯ ಮೇಲೆ ಪ್ಲಗ್ಗನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಆಂಪಿಯರ್ ಇಳಿಸಿ; ಕೈ ಇಡಲಾಗದಿದ್ದರೆ ಆ ಮನೆಯಲ್ಲಿ ಊಟ ಮಾತ್ರ ಸಾಕು. ಎಕ್ಸ್‌ಟೆನ್ಶನ್ ಅನಿವಾರ್ಯವಾದರೆ 2.5 ಚದರ ಮಿಲಿಮೀಟರಿನ ಮೂರು ಎಳೆಯ ವೈರು, ಸುರುಳಿ ಪೂರ್ತಿ ಬಿಚ್ಚಿದ್ದು. ಸುತ್ತಿಟ್ಟ ವೈರಿನ ಬಿಸಿಗೆ ಹೊರಗೆ ಹೋಗಲು ದಾರಿ ಇಲ್ಲ.

ಇಷ್ಟೆಲ್ಲ ಸರಿಯಿದ್ದರೂ ಕೇಬಲ್ ನಡುವಿನ ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತಬಹುದು. ಹೆಚ್ಚಾಗಿ ಅದು ಅರ್ತಿಂಗಿನ ತಕರಾರು. ಫ್ಯಾನು, ಮಿಕ್ಸಿ ಅರ್ತ್ ಇಲ್ಲದೆಯೂ ತಿರುಗುತ್ತವೆ, ಹಾಗಾಗಿ ಹಳೆ ಮನೆಯಲ್ಲಿ ಅದು ಸತ್ತು ಎಷ್ಟು ವರ್ಷವಾಯಿತೆಂದು ಯಾರಿಗೂ ಗೊತ್ತಿರುವುದಿಲ್ಲ. ಕಾರು ಬಂದಾಗಲೇ ಗುಟ್ಟು ರಟ್ಟು. ನಮ್ಮ ಮುರಕಲ್ಲಿನ ಗುಡ್ಡಗಳಲ್ಲಿ ಏಪ್ರಿಲ್ ಹೊತ್ತಿಗೆ ಅರ್ತಿನ ಗುಂಡಿ ಒಣಗಿ ಕಲ್ಲಾಗುತ್ತದೆ. ಒಣಮಣ್ಣಿನಲ್ಲಿ ಕರೆಂಟು ಇಳಿಯುವುದಿಲ್ಲ. ನಾಲ್ಕು ಕೊಡ ನೀರು ಹೊಯ್ದರೆ ಎಷ್ಟೋ ಸಲ ದೀಪ ಹಸಿರಾಗುತ್ತದೆ. ಕಾರಿಗಿಂತ ಮೊದಲು ಗುಂಡಿಗೆ ಆಸರು! ಹಸಿರಾಗದಿದ್ದರೆ ನ್ಯೂಟ್ರಲನ್ನೇ ಅರ್ತಿಗೆ ಜೋಡಿಸಿ ಪೆಟ್ಟಿಗೆಯನ್ನು ಮೋಸಗೊಳಿಸುವ ಪಂಡಿತರಿದ್ದಾರೆ. ಅವರ ಮಾತು ಕೇಳಬೇಡಿ. ಜೋಡಣೆಯ ಹಿಂದೆ ಎಲ್ಲಾದರೂ ನ್ಯೂಟ್ರಲ್ ಕಡಿದರೆ ಕಾರಿನ ಮೈಯೆಲ್ಲ ಕರೆಂಟು.

ತೋಟದ ಪಂಪ್‌ಸೆಟ್ಟಿನ ಶೆಡ್ಡಿನಲ್ಲಿ ಗಟ್ಟಿ ವೈರಿಂಗ್ ಇರುತ್ತದೆ, ಆಸೆ ಹುಟ್ಟುವುದು ಸಹಜ. ಆದರೆ ಕೃಷಿಗೆಂದು ಕೊಟ್ಟ ಸಂಪರ್ಕದಿಂದ ಕಾರಿಗೆ ಕುಡಿಸುವುದು ನಿಯಮಕ್ಕೆ ಹೊರಗು. ಸಿಕ್ಕಿಬಿದ್ದರೆ ದಂಡ ಕಟ್ಟುವವರು ಮನೆಯವರು. ಮನೆಯ ಮೀಟರಿನಲ್ಲೂ ಒಂದು ಸೂಕ್ಷ್ಮ ಉಂಟು. ಕೇರಳದಲ್ಲಿ ತಿಂಗಳ ಸರಾಸರಿ 250 ಯೂನಿಟ್ ದಾಟಿದರೆ ಹಂತ ಹಂತದ ದರ ಹೋಗಿ ಅಷ್ಟೂ ಯೂನಿಟ್ಟಿಗೆ ಒಂದೇ ಮೇಲಿನ ದರ ಬೀಳುತ್ತದೆ. ಬಿಲ್ಲು ಎರಡು ತಿಂಗಳಿಗೊಮ್ಮೆ, ಅಂದರೆ ಗೆರೆ 500. 490ರಲ್ಲಿ ನಿಂತ ಮನೆಗೆ, ಸೋರಿದ್ದೂ ಸೇರಿ ಮೀಟರಿನಲ್ಲಿ ಓಡುವ ನಿಮ್ಮ ಇಪ್ಪತ್ತು ಚಿಲ್ಲರೆ ಯೂನಿಟ್ ಒಂಟೆಯ ಬೆನ್ನಿನ ಮೇಲಿನ ಹುಲ್ಲುಕಡ್ಡಿ. "ಓಡ್ಲಿ ಮಾರಾಯ್ರೆ, ಎಷ್ಟಾಗ್ತದೆ ಮಹಾ" ಎಂದು ಅವರು ಹೇಳಿಯೇ ಹೇಳುತ್ತಾರೆ. ದುಡ್ಡು ಕೊಟ್ಟರೆ ಬೇಸರಿಸುತ್ತಾರೆ. ಮಕ್ಕಳ ಕೈಗೆ ಕೊಟ್ಟರೆ ಯಾರೂ ಬೇಸರಿಸುವುದಿಲ್ಲ.

ಮನೆಯಲ್ಲದೆ ಈ ಕೇಬಲ್ ಕೆಲಸಕ್ಕೆ ಬರುವ ಜಾಗ ಕೆಎಸ್‌ಇಬಿಯ, ಅಂದರೆ ಕೇರಳದ ವಿದ್ಯುತ್ ಮಂಡಳಿಯ, ಕಂಬ. ರಸ್ತೆಬದಿಯ ವಿದ್ಯುತ್ ಕಂಬಕ್ಕೆ ಕಟ್ಟಿದ ಪೆಟ್ಟಿಗೆಯಲ್ಲಿ ಮೂರು ಪಿನ್ನಿನ ಸಾಕೆಟ್, 3.3 ಕಿಲೋವ್ಯಾಟ್, ಫೋನಿನ ಆಪಿನಲ್ಲಿ ಮೊದಲೇ ದುಡ್ಡು ತುಂಬಿಸಿ ತೆರೆಯಬೇಕು. ಆಟೋ, ಸ್ಕೂಟರುಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಕೇಬಲ್ ಅಷ್ಟನ್ನೂ ಎಳೆದರೆ ಕಾರಿಗೆ ಗಂಟೆಗೆ ಇಪ್ಪತ್ತು ಕಿಲೋಮೀಟರಿನಷ್ಟು ಸಿಕ್ಕೀತು. ಮುಂದಿನ ಫಾಸ್ಟ್ ಚಾರ್ಜರ್ ಮುಟ್ಟಲು ಅಷ್ಟು ಸಾಕು.

ಸಿಕ್ಕಿಸುವಾಗ ಗೋಡೆ ಮೊದಲು, ಹಸಿರು ದೀಪ ನೋಡಿ ಆಮೇಲೆ ಕಾರು. ತೆಗೆಯುವಾಗ ಕಾರಿನ ಲಾಕ್ ಬಿಡಿಸಿ ಗನ್ ಮೊದಲು, ಗೋಡೆ ಆಮೇಲೆ. ನಡುವಿನ ಪೆಟ್ಟಿಗೆಯ ಭಾರ ಪ್ಲಗ್ಗಿನಿಂದ ಜೋಲಬಾರದು, ಕೆಳಗೊಂದು ಸ್ಟೂಲಿಡಿ. ಆಟಿಯ ಮಳೆಯಲ್ಲಿ ಪ್ಲಗ್ಗು ಮಾಡಿನ ಕೆಳಗಿರಲಿ, ಕೇಬಲ್ ನೆಲಕ್ಕೆ ಇಳಿದು ಮತ್ತೆ ಮೇಲೇರಲಿ, ಹರಿದು ಬರುವ ನೀರು ಆ ಬಗ್ಗಿದ ಜಾಗದಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ರಾತ್ರಿ ಕರೆಂಟು ಹೋಗಿ ಬಂದರೆ ಕೆಲವು ಕಾರುಗಳು ತಾವಾಗಿ ಮುಂದುವರಿಸುತ್ತವೆ, ಕೆಲವು ಮುನಿಸಿಕೊಂಡು ಕೂರುತ್ತವೆ. ನಿಮ್ಮದು ಯಾವ ಜಾತಿಯೆಂದು ಮನೆಯಲ್ಲೇ ಒಮ್ಮೆ ಮೈನ್ ಆರಿಸಿ ನೋಡಿಕೊಂಡಿದ್ದರೆ ಒಳ್ಳೆಯದು.

ಕೊಂಡೊಯ್ದದ್ದನ್ನು ತರಲು ಮರೆಯುವುದು ಕೊನೆಯ ಅಪಾಯ. ಕೊಡೆಯ ಹಾಗೆ ಇದೂ ಜಗಲಿಯ ಮೂಲೆಯಲ್ಲಿ ಉಳಿಯುವ ಜಾತಿ. ಗನ್ ಕಾರಿನಲ್ಲಿದ್ದರೆ ಕಾರು ಹೊರಡುವುದಿಲ್ಲ, ಅಷ್ಟು ಬುದ್ಧಿ ಅದಕ್ಕೆ ಕೊಟ್ಟಿದ್ದಾರೆ. ಗನ್ ತೆಗೆದು ನೆಲಕ್ಕಿಟ್ಟು, ಮನೆಯೊಡತಿ ಕೊಡುವ ಹಲಸಿನ ಹಪ್ಪಳದ ಕಟ್ಟಿಗೆ ಕೈ ಚಾಚಿದಿರೋ, ಮುಗಿಯಿತು. ಕುಂಬಳೆ ದಾಟುವ ಹೊತ್ತಿಗೆ ಫೋನು: "ನಿಮ್ಮ ಕಪ್ಪು ಹಾವು ಇಲ್ಲೇ ಉಂಟು."